ತತ್ವಪದ ರಾಕ್ ವೇದಿಕೆಗೆ ಬಂದಾಗ

ರಘು ದೀಕ್ಷಿತ್ ತಂಡ 2008ರಲ್ಲಿ ಹೊರತಂದ ‘ಅಂತರಾಗ್ನಿ’ ಆಲ್ಬಮ್, ಶಿಶುನಾಳ ಷರೀಫರ ‘ಗುಡುಗುಡಿ’ ಪದವನ್ನು ಗಿಟಾರು, ಡ್ರಮ್ಮುಗಳೊಂದಿಗೆ ಕಾಲೇಜು ಹುಡುಗರ ಬಳಿಗೆ ಒಯ್ದಿತು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿದ ಗಾಯಕ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು.

ಹಳೆಯ ಪದಗಳನ್ನು ಹೀಗೆ ಕುಣಿತದ ಸರಕಾಗಿಸುವುದು ಅಪಚಾರವೆಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಇದರಲ್ಲಿ ಹುರುಳಿಲ್ಲ. ಏಕತಾರಿ, ದಮ್ಮಡಿಗಳ ಭಜನೆಯಲ್ಲಿದ್ದ ಷರೀಫರನ್ನು ಸಿ. ಅಶ್ವತ್ಥ್ ವಾದ್ಯವೃಂದದೊಡನೆ ನಗರದ ಮನೆಮನೆಗೆ ತಲುಪಿಸಿದಾಗ ಅದೂ ಹೊಸತೇ ಆಗಿತ್ತು. ಇಂದು ಅದನ್ನೇ ನಾವು ‘ಮೂಲ’ ಎನ್ನುತ್ತೇವೆ!

ಕೇಳಬೇಕಾದ ಪ್ರಶ್ನೆ ಬೇರೆ: ಈ ಆಸ್ತಿಯ ಆದಾಯ ಯಾರಿಗೆ? ನಮ್ಮ ಕೃತಿಸ್ವಾಮ್ಯ ಕಾಯ್ದೆ ಕರ್ತೃವಿನ ಮರಣಾನಂತರ 60 ವರ್ಷ ರಕ್ಷಣೆ ನೀಡುತ್ತದೆ. 1889ರಲ್ಲಿ ತೀರಿಕೊಂಡ ಷರೀಫರ ಪದಗಳು ಸರ್ವರ ಸ್ವತ್ತು. 2009ರಲ್ಲಿ ನಿಧನರಾದ ಅಶ್ವತ್ಥರ ಸ್ವಂತ ಸಂಯೋಜನೆಗಳಿಗೆ 2069ರವರೆಗೆ ರಕ್ಷಣೆಯುಂಟು. 2012ರ ತಿದ್ದುಪಡಿ ಪ್ರದರ್ಶಕರಿಗೂ ರಾಯಧನದ ಹಕ್ಕು ಕೊಟ್ಟಿತು. ಆದರೆ ಷರೀಫರಿಗೂ ಅಶ್ವತ್ಥರಿಗೂ ನಡುವಿನ ದಶಕಗಳಲ್ಲಿ ಈ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸಿದವರು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ದುಡಿಮೆ ಅವರದು, ಲಾಭ ಕೊನೆಗೆ ಬಂದವರದು.

ಜಿಲ್ಲಾಧಿಕಾರಿಯಾಗಿಯೂ ದುಡಿದಿದ್ದ ಎಚ್.ಎಲ್. ನಾಗೇಗೌಡರು ಈ ಸಂಪತ್ತಿನ ಬೆಲೆ ಅರಿತಿದ್ದರು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ರಾಮನಗರದ ಬಳಿ 1994ರಲ್ಲಿ ಅವರು ‘ಜಾನಪದ ಲೋಕ’ ತೆರೆದರು. ಇಂದಿನ ಗ್ರಾಮಾಂತರ ಜಿಲ್ಲೆಯಲ್ಲಿ ಅಂಥ ಯತ್ನಕ್ಕೆ ಇನ್ನೂ ಹೆಚ್ಚಿನ ತುರ್ತಿದೆ. ‘ಅಂತರಾಗ್ನಿ’ ಬಂದ ವರ್ಷವೇ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಜಮೀನು ಕೈಬಿಟ್ಟ ಊರುಗಳಲ್ಲಿ ಜಾತ್ರೆಯ ತಮಟೆ, ಭಜನೆ ಮನೆಯ ಹಾಡು ಕಲಿಯಲು ಎಷ್ಟು ಮಕ್ಕಳಿದ್ದಾರು? ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಸಂತೋಷವೇ. ಆದರೆ ಪ್ರಶಸ್ತಿ ಒಬ್ಬರಿಗೆ. ಕಸುಬು ನೂರಾರು ಮಂದಿಯದು.

ರಾಕ್ ತಂಡಗಳನ್ನು ದೂರಿ ಫಲವಿಲ್ಲ. ಕೇಳುಗರನ್ನು ತಂದವರು ಅವರೇ. ಸರ್ಕಾರ ಮಾತ್ರ ತನ್ನ ಹಣದಲ್ಲಿ ನಡೆಯುವ ಉತ್ಸವಗಳಿಗೆ ಎರಡು ಷರತ್ತು ಹಾಕಬಹುದು. ಜನಪದ ಧಾಟಿ ಬಳಸುವ ತಂಡ ಅದನ್ನು ಯಾರಿಂದ, ಯಾವ ಊರಿನಲ್ಲಿ ಕಲಿಯಿತೆಂದು ವೇದಿಕೆಯಲ್ಲೂ ಆಲ್ಬಮ್ಮಿನ ಮೇಲೂ ಹೇಳಬೇಕು. ಸಂಭಾವನೆಯ ಒಂದು ಪಾಲು, ಆ ಊರಿನ ಹಾಡುಗಾರರ ಧ್ವನಿಮುದ್ರಣಕ್ಕೆ, ಅವರ ಹೆಸರಿನಲ್ಲೇ, ಸಲ್ಲಬೇಕು. ಹಾಗೆ ಮುದ್ರಣಗೊಂಡ ಹಾಡುಗಾರನಿಗೆ 2012ರ ತಿದ್ದುಪಡಿಯ ರಾಯಧನ ಕೇಳಲು ಒಂದು ದಾಖಲೆಯಾದರೂ ಇರುತ್ತದೆ.