ಲೆಕ್ಕದ ಗುರುತಿಗೂ ಒಂದು ಮಾತೈತಿ

ನಮ್ಮ ಯಳವತ್ತಿ ಕಡೆ ಒಂದು ಮಾತು ಭಾಳ ಸಲೀಸಾಗಿ ಬಾಯಿಗೆ ಬರತೈತಿ: "ಈಕಿಗೆ ಲೆಕ್ಕ ತಲಿಗೆ ಹತ್ತಂಗಿಲ್ಲ ಬಿಡ್ರಿ." ಅದ ಮಾತು ಗಂಡುಹುಡುಗನ ಬಗ್ಗೆ ಬಂದ್ರ ಟ್ಯೂಶನ್ ಹಚ್ಚತೀವಿ. ಹುಡುಗಿ ಆದ್ರ ಸುಮ್ನಾಗತೀವಿ.

ನಾ ಹೇಳೂದು ಇಷ್ಟ ಅಕ್ಕಾರ: ಆ ಹುಡುಗಿಗೆ ಹತ್ತದೇ ಇರೂದು ಲೆಕ್ಕ ಅಲ್ಲ, ಲೆಕ್ಕದ ಗುರುತು. ಅದು ಏನು ಹೇಳತೈತಿ ಅಂತ ಆಕಿಗೆ ಯಾರೂ ಹೇಳಿರಂಗಿಲ್ಲ.

ಈ ಗುರುತು ಮೊದಲಿಂದ ಇದ್ದಾವಲ್ಲ. 9ನೇ ಶತಮಾನದಾಗ, ಅಮೋಘವರ್ಷ ನೃಪತುಂಗನ ಕಾಲಕ್ಕ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರದ್ರು. ಆವಾಗ ನಮ್ಮ ಲಕ್ಷ್ಮೇಶ್ವರಕ್ಕ ಪುಲಿಗೆರೆ ಅಂತ ಹೆಸರು. ಅದರಾಗ ಈಗಿನ +, = ಯಾವೂ ಇಲ್ಲ. ಲೆಕ್ಕ ಎಲ್ಲಾ ಶ್ಲೋಕದ ಮಾತಿನ್ಯಾಗ. ನಮ್ಮ ಹಿರ್ಯಾರು ಖಾತೆ ಪುಸ್ತಕದಾಗ ಕಾಲಿಗೆ ಒಂದು ಗೀಟು, ಅರ್ಧಕ್ಕ ಎರಡು, ಮುಕ್ಕಾಲಿಗೆ ಮೂರು ಹಾಕತಿದ್ರು. ನೋಡಿದ ಕೂಡ್ಲೆ ತಿಳೀತಿತ್ತು: ಒಂದು ಗೀಟು ಅಂದ್ರ ಒಂದು ಕಾಲು.

ಈಗಿನ ಗುರುತೂ ಹಂಗ. + ಮತ್ತ − ಅಚ್ಚಾಗಿ ಬಂದದ್ದು 1489ರಾಗ, ಜರ್ಮನಿಯ ಯೋಹಾನೆಸ್ ವಿಡ್ಮನ್ ವ್ಯಾಪಾರಸ್ಥರಿಗೆ ಬರದ ಪುಸ್ತಕದಾಗ. ಹೆಚ್ಚಾದದ್ದಕ್ಕ ಒಂದು, ಕಡಿಮಿ ಬಿದ್ದದ್ದಕ್ಕ ಇನ್ನೊಂದು. 1557ರಾಗ ರಾಬರ್ಟ್ ರೆಕಾರ್ಡ್ ಅನ್ನೋ ವೈದ್ಯ "ಇದಕ್ಕ ಸಮ" ಅಂತ ಸಾರಿಸಾರಿಗೆ ಬರಿಯೋದು ತಪ್ಪಲಿ ಅಂತ ಒಂದ ಉದ್ದದ ಎರಡು ಗೆರಿ ಎಳದ. ಅವೆರಡಕ್ಕಿಂತ ಸಮ ಇರೂದು ಮತ್ಯಾವುದೂ ಇಲ್ಲ ಅಂದ.

ಅಂದ್ರ = ಅಂಬೂದು ತಕ್ಕಡಿ. ಎರಡೂ ಪರಡಿ ಸಮ. ಮಕ್ಕಳು ಅದನ್ನ "ಮುಂದ ಉತ್ತರ ಬರಿ" ಅಂತ ತಿಳಕೊಂಡಿರತಾವು. ಅದಕ್ಕ 8 = __ + 3 ಅಂತ ಕೊಟ್ರ ಗಪ್ಪಾಗತಾವು. ಸಂತ್ಯಾಗಿನ ತಕ್ಕಡಿ ನೆನಪು ಮಾಡಿ ಕೊಡ್ರಿ, 5 ಅಂತ ತಾವ ಹೇಳತಾವು.

ಮಕ್ಕಳದಷ್ಟ ಅಲ್ಲ, ನಮ್ಮ ರೊಕ್ಕದ ಮಾತೂ ಐತಿ. % ಅಂದ್ರ "ನೂರಕ್ಕ" ಅಂತ, ಅಷ್ಟ. ಕಾಗದದಾಗ 14% ಅಂತಿದ್ರ ಅದು ವರ್ಷದ ಬಡ್ಡಿ. ಊರಾಗ ಕೈಸಾಲ ಕೊಡವ್ರು "ನೂರಕ್ಕ ಎರಡು" ಅಂತಾರಲ್ಲ, ಅದು ತಿಂಗಳದ್ದು. ಹತ್ತು ಸಾವಿರಕ್ಕ ತಿಂಗಳಿಗೆ 200, ವರ್ಷಕ್ಕ 2,400. ಅಂದ್ರ 24%. ಹದಿನಾಲ್ಕಕ್ಕ ಅಂಜಿ, ಎರಡು ಹಗುರ ಅಂತ ತಗೊಂಡಾಕಿ ಒಂದು ವರ್ಷಕ್ಕ ಸಾವಿರ ರೂಪಾಯಿ ಹೆಚ್ಚಿಗೆ ಕಟ್ಟತಾಳ.

"ಅದನ್ನ ಸಾಲ್ಯಾಗ ಮಾಸ್ತರು ಕಲಸ್ತಾರ ತಗೋರಿ" ಅಂತೀರಿ. ಕಲಸ್ಲಿ. ಆದ್ರ ಒಬ್ಬ ಮಾಸ್ತರ ಮುಂದ ಮಕ್ಕಳ ಹಿಂಡು. ನಮ್ಮ ಮುಂದ ಒಂದೋ ಎರಡೋ. ರೊಟ್ಟಿ ಬಡಕೋತನ ಕೇಳಬಹುದು: "ಇದು ಏನು ಹೇಳತೈತಿ, ಕನ್ನಡದಾಗ ಹೇಳವಾ." ಆಕಿ ಹೇಳಿದ್ರ ಲೆಕ್ಕ ತಲಿಗೆ ಹತ್ತೈತಿ ಅಂತ ತಿಳೀರಿ. ಹೇಳಲಿಲ್ಲಂದ್ರ ಬಯ್ಯಬ್ಯಾಡ್ರಿ, ಕೂತು ಕೂಡೇ ಓದ್ರಿ. ಸಹಿ ಮಾಡೂ ಕಾಗದ ನಾಳೆ ಆಕಿ ಮುಂದೂ ಬರತೈತಿ.