‘ಬಾ’ ಎಂಬ ಏಕಾಕ್ಷರ

ಮುಧೋಳದ ಬೇಟೆನಾಯಿಗೆ ವಿದ್ಯೆ ಹತ್ತದೆಂದು ನಮ್ಮ ಸುರೇಬಾನದಲ್ಲಿ ಹಲವರ ಅಭಿಪ್ರಾಯ. ಘ್ರಾಣಕ್ಕಿಂತ ನೇತ್ರವನ್ನೇ ನೆಚ್ಚಿ ಓಡುವ ಈ ತಳಿಗೆ ಮೊಲವೊಂದು ಕಣ್ಣಿಗೆ ಬಿದ್ದಿತೆಂದರೆ ಒಡೆಯನ ಕೂಗು ಕಿವಿಗೆ ತಾಗದು. ಅದು ಉದ್ಧಟತನವಲ್ಲ, ಜಾತಿಸ್ವಭಾವ. ಆದರೂ 2016ರಲ್ಲಿ ಭೂಸೇನೆಯವರು ಇದರ ಮರಿಗಳನ್ನು ಮೀರತ್ತಿಗೆ ಒಯ್ದು ಶಿಕ್ಷಣಕ್ಕೆ ತೊಡಗಿಸಿದರೆಂಬುದನ್ನು ವಾಚಕರು ಬಲ್ಲರು.

ನಮ್ಮ ಮನೆಯ ಪವನನು ಕಳೆದ ಸುಗ್ಗಿಯಲ್ಲಿ ಕುರಿಹಿಂಡಿನ ಬೆನ್ನು ಹತ್ತಿದಾಗ ಕುರುಬನು, “ಮಾಸ್ತರ್ರ, ಇನ್ನೊಮ್ಮಿ ಬಂತಂದರ ಬಡಿಗಿ ಮಾತಾಡತೈತಿ ನೋಡ್ರಿ” ಎಂದನು. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಕುರಿಗಳೇ ಅವನ ಬದುಕು. ಅಂದಿನಿಂದ ಮೊಮ್ಮಗಳು ನಾಯಿಗೆ ಉದ್ದನೆಯ ಹಗ್ಗ ಕಟ್ಟಿ, ‘ಬಾ’ ಎಂದಾಗ ಬಂದರೆ ರೊಟ್ಟಿಯ ತುಣುಕು, ಬಾರದಿದ್ದರೆ ಹಗ್ಗದ ಮೆಲ್ಲನೆಯ ಸೆಳೆತ, ಹೀಗೆ ಆರು ತಿಂಗಳು ಬಿಡದೆ ನಡೆಸಿದಳು. ಒಂದು ಪೆಟ್ಟನ್ನೂ ಹಾಕಗೊಡಲಿಲ್ಲ. ತಡವಾಗಿ ಬಂದುದಕ್ಕೆ ಹೊಡೆದರೆ, ಬಂದುದೇ ಅಪರಾಧವೆಂದು ನಾಯಿ ತಿಳಿಯುತ್ತದೆ. (ಎಷ್ಟೋ ಮಂದಿ ಮಾಸ್ತರರಿಗೂ ಈ ನ್ಯಾಯ ತಿಳಿಯದು!)

ಮೊನ್ನೆ ಶಬರಿಕೊಳ್ಳದ ದಾರಿಯಲ್ಲಿ ಅದೇ ಹಿಂಡು ಎದುರಾಯಿತು, ಕೊರಳಲ್ಲಿ ಹಗ್ಗವಿರಲಿಲ್ಲ. ಪವನನ ಮೈ ಬಿಲ್ಲಿನಂತೆ ಬಿಗಿಯಿತು. ನಾಲ್ಕು ಮಾರು ಓಡಿಯೂ ಬಿಟ್ಟನು. “ಬಾ!” ಎಂದಳು ಹುಡುಗಿ. ನಿಂತನು, ಹಿಂಡನ್ನೊಮ್ಮೆ, ಅವಳನ್ನೊಮ್ಮೆ ನೋಡಿದನು, ತಿರುಗಿ ಬಂದನು. ಕುರುಬನು ಬಡಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ತನ್ನ ಬುತ್ತಿಯ ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದುಕೊಟ್ಟನು.