ಸೇವೆಯೂ ಹೌದು, ಸಂಬಳವೂ ಬೇಕು

ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಗುತ್ತದೆ, ಮೈ ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಅದಕ್ಕಿಂತ ದೊಡ್ಡ ಗಂಡಾಂತರ ಎರಡು-ಮೂರನೆಯ ರಾತ್ರಿಯದು. ದರ್ಜಿ ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಾ ಕೂರುತ್ತಾನೆ. ಆಟೊ ಓಡಿಸುವವನು ಮಂಚದ ಮೇಲೆಯೇ ಹ್ಯಾಂಡಲ್ ತಿರುಗಿಸುತ್ತಾ ಎದುರಿಗೆ ಬಂದವರನ್ನು ಬೈಯುತ್ತಾನೆ. ಹೊದಿಕೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಒಂದೊಂದನ್ನೇ ಹೆಕ್ಕಿ ಎಸೆಯುವವರಿದ್ದಾರೆ. ವೈದ್ಯರು ಡೆಲಿರಿಯಮ್ ಟ್ರೆಮೆನ್ಸ್ ಎನ್ನುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು. ಅದು ಕೆರಳುವುದು ಹೆಚ್ಚಾಗಿ ರಾತ್ರಿ. ಆ ಹೊತ್ತಿಗೆ ವೈದ್ಯರು ಮನೆ ಸೇರಿರುತ್ತಾರೆ. ವ್ಯಸನಮುಕ್ತಿ ಕೇಂದ್ರದಲ್ಲಿ ಎಚ್ಚರವಾಗಿರುವವನು ವಾರ್ಡ್ ಬಾಯ್ ಅಂತಲೋ ಪೀರ್ ಎಜುಕೇಟರ್ ಅಂತಲೋ ಕಾಗದದಲ್ಲಿ ಹೆಸರಿರುವ ಒಬ್ಬ. ಒಳಗಿದ್ದವರಿಗೆಲ್ಲ ಅವನು 'ಅಣ್ಣ'.

ಈ ಅಣ್ಣನ ಕೆಲಸವನ್ನು ಕೆಲಸ ಎಂದು ನಾವು ಒಪ್ಪಿಕೊಂಡೇ ಇಲ್ಲ ಎನ್ನುವುದು ನನ್ನ ತಕರಾರು.

ಬರೀ ಕಾವಲು ಅದಲ್ಲ. 'ತುಂಬಾ ಸುಸ್ತಾಗಿದ್ದಾರೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಸಿ' ಎಂದು ಮನೆಯವರು ದುಂಬಾಲು ಬೀಳುತ್ತಾರೆ. ಆದರೆ ಹೊಟ್ಟೆಗೆ ಹಿಟ್ಟಿಲ್ಲದೆ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳುವ ಅಪಾಯವಿದೆ. ಚುಚ್ಚುವವರು ನರ್ಸ್, ಬರೆದುಕೊಡುವವರು ಡಾಕ್ಟರು, ನಿಜ. ಯಾವ ನಡುಕ ಬೆಳಗಿನವರೆಗೆ ಕಾಯಬಹುದು, ಯಾವುದಕ್ಕೆ ಈಗಲೇ ಡಾಕ್ಟರನ್ನು ಎಬ್ಬಿಸಬೇಕು ಎಂದು ಗುರುತಿಸಬೇಕಾದವನು ಮಾತ್ರ ಅಣ್ಣ.

ಆಮೇಲೆ ಫೋನುಗಳು. ಯಾರದೋ ಹೆಂಡತಿ: 'ಅಣ್ಣಾ, ಅವ್ರಿಗೆ ಗೊತ್ತಾಗ್ದಂಗೆ ಸಾರಲ್ಲಿ ಬೆರ್ಸೋ ಪುಡಿ ಸಿಗುತ್ತಂತಲ್ಲ?' ಇದು ಎಲ್ಲ ಊರಿನಲ್ಲೂ ಕೇಳುವ ಪ್ರಶ್ನೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿದು ಹೃದಯಕ್ಕೂ ಅಪಾಯವಾದೀತು. ತಿಳಿದು, ಒಪ್ಪಿ ನುಂಗಬೇಕಾದ ಮಾತ್ರೆ ಅದು. ಸೋತು ಸುಣ್ಣವಾದ ಹೆಂಗಸಿಗೆ ಇದನ್ನು ಗದರದೆ, ಅವಳ ಆಸೆಯನ್ನೂ ಮುರಿಯದೆ ಹೇಳುವುದು ಹೇಗೆ? ಯಾವ ಕೋರ್ಸಿನಲ್ಲಿ ಅವನು ಅದನ್ನು ಕಲಿತ?

ಕಲಿತಿಲ್ಲ. ಹೆಚ್ಚಿನ ಕಡೆ ಅವನಿಗಿರುವ ಅರ್ಹತೆ ಒಂದೇ, ಹಿಂದೆ ತಾನೂ ಕುಡಿಯುತ್ತಿದ್ದದ್ದು. ಅದು ಸಣ್ಣ ಅರ್ಹತೆಯಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದಲೇ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. 'ನಿನ್ನ ಸುಳ್ಳು ನನಗೆ ಗೊತ್ತು, ನಾನೂ ಅದನ್ನೇ ಹೇಳ್ತಿದ್ದೆ' ಎಂದು ಅನ್ನಬಲ್ಲವನ ಮುಂದೆ ರೋಗಿ ಬೇಗ ಬಿಚ್ಚಿಕೊಳ್ಳುತ್ತಾನೆ. ಆದರೆ ಆ ಬಳಗದಲ್ಲಿ ಒಬ್ಬ ಕುಡುಕನಿಗೆ ಇನ್ನೊಬ್ಬ ನೆರವಾಗುವುದಕ್ಕೆ ಕಾಸು ತೆಗೆದುಕೊಳ್ಳಬಾರದೆಂಬುದು ತತ್ವ. ಅಲ್ಲಿ ಬರುವವನು ಸ್ನೇಹಿತ. ಮೀಟಿಂಗ್ ಮುಗಿಸಿ ಮನೆಗೆ ಹೋಗುತ್ತಾನೆ. ಕೇಂದ್ರದಲ್ಲಿ ರಾತ್ರಿಯಿಡೀ ಪಾಳಿ ಮಾಡುವವನು ನೌಕರ. ಆ ಬಳಗದ ತತ್ವವನ್ನು ಎತ್ತಿ ತಂದು ಈ ನೌಕರನ ಕೈಗೆ ಒಂದಿಷ್ಟು 'ಗೌರವಧನ' ಇಡುವುದು ಆಡಳಿತ ಮಂಡಳಿಗಳಿಗೆ ಬಲು ಅನುಕೂಲ. ಸೇವೆ ಎಂದಮೇಲೆ ಓವರ್‌ಟೈಮ್ ಕೇಳುವುದು ಹೇಗೆ, ಪಿಎಫ್ ಕೇಳುವುದು ಹೇಗೆ! ಕುಡಿತ ಬಿಟ್ಟು ಆರು ತಿಂಗಳೂ ಆಗದವನನ್ನು ಆ ಪಾಳಿಗೆ ಹಾಕಿ, ಅವನು ಮತ್ತೆ ಬಾರಿನ ಮೆಟ್ಟಿಲು ಹತ್ತಿದಾಗ 'ಇವರ ಹಣೆಬರಹವೇ ಇಷ್ಟು' ಎನ್ನುವುದೂ ಇದೇ ಜನ.

ತರಬೇತಿ ಕೊಡದ ಕಡೆ ಕೈ ಮುಂದಾಗುತ್ತದೆ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2017ರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳೂ ಸೇರಿವೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದು ಖಡಾಖಂಡಿತವಾಗಿ ನಿಷೇಧಿಸಿದೆ. ಆದರೂ ಖಾಸಗಿ ಕೇಂದ್ರಗಳಲ್ಲಿ ಹೊಡೆದ, ಕಟ್ಟಿಹಾಕಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹೊಡೆದವನು ರಾಕ್ಷಸನೇ ಇರಬೇಕೆಂದಿಲ್ಲ. ಹುಳ ಹೆಕ್ಕುವ ಮನುಷ್ಯನನ್ನು ಬೆಳಕು ಹಾಕಿ, ಹೆಸರು ಹಿಡಿದು ಕರೆದು, ಇದು ಯಾವ ಊರು, ಗಂಟೆ ಎಷ್ಟು ಎಂದು ಹೇಳಿ ಸಮಾಧಾನ ಮಾಡಬಹುದೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲದಿರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಳ್ಳೆಯ ಕೇಂದ್ರವಿದೆ. ಆದರೆ ಎಷ್ಟು ಜನ ಅಲ್ಲಿಯವರೆಗೆ ತಲುಪಿಯಾರು? 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಇತ್ತ ನಮ್ಮ ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ಪಾನನಿಷೇಧ ಬೇಕೇ ಬೇಡವೇ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಮಾರಾಟದ ಗುರಿ ತಪ್ಪದಂತೆ ನೋಡಿಕೊಳ್ಳಲು ಸಂಬಳದ ನೌಕರರಿದ್ದಾರೆ, ಬಿಡಿಸಲು ಮಾತ್ರ ಗೌರವಧನದವರು ಸಾಕೇ ಎಂದಷ್ಟೇ ಕೇಳುತ್ತೇನೆ.

ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಒಂದು ವಿಷಯವನ್ನು ಸರಿಯಾಗಿ ಹಿಡಿದಿವೆ. ಶಿಬಿರ ಎಂಟು ದಿನಕ್ಕೆ ಮುಗಿಯುತ್ತದೆ, ಆಮೇಲೆ ಊರಿನಲ್ಲಿ ನವಜೀವನ ಸಮಿತಿ ಇರುತ್ತದೆ. ಬಿಟ್ಟವರೇ ಬಿಟ್ಟವರನ್ನು ವಿಚಾರಿಸಿಕೊಳ್ಳುವ ಏರ್ಪಾಡು ಅದು. ಕುಡಿತ ಮರುಕಳಿಸುವುದು ಆಸ್ಪತ್ರೆಯೊಳಗೆ ಅಲ್ಲವಲ್ಲ, ಶನಿವಾರ ಬಟವಾಡೆ ಕೈಗೆ ಬಂದಾಗ, ಜಾತ್ರೆಯಲ್ಲಿ, ಸಾವಿನ ಮನೆಯಲ್ಲಿ. ಹಳೇ ಮೈಸೂರು ಕಡೆ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬಾಡೂಟದಲ್ಲಿ. 'ಒಂದೇ ಒಂದು ನೈಂಟಿ' ಎಂದು ಕರೆಯುವ ಭಾವಮೈದ ಎಲ್ಲ ಮನೆಯಲ್ಲೂ ಇರುತ್ತಾನೆ. ಒಳ್ಳೆಯ ಅಣ್ಣಂದಿರು ಆ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಾರೆ, ತಮ್ಮದೇ ರೀಚಾರ್ಜಿನಲ್ಲಿ, ರಜೆಯ ದಿನ. ಎರಡು ವರ್ಷವಾದರೂ ಕುಡಿಯದೆ ಇದ್ದವರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳಿ, ಕಲಿಸಿ, ನರ್ಸುಗಳಿಗೆ ಇರುವಂತೆ ಇವರಿಗೂ ವೇತನ ಶ್ರೇಣಿ ಮಾಡಿ ಎಂದರೆ ಕಡತ ವರ್ಷಗಟ್ಟಲೆ ತೆವಳುತ್ತದೆ, ಗೊತ್ತು. ಹಬ್ಬದ ಹಿಂದಿನ ದಿನ ಅವರು ಮಾಡುವ ಆ ಫೋನುಗಳನ್ನು ಡ್ಯೂಟಿ ಎಂದು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಲು ಯಾವ ಕಡತವೂ ಬೇಕಿಲ್ಲ.